ಲಾಂಗ್‌ರೈಫಲ್ ಕಟ್ಟುವಾಗ ಕಿಡಿತೂತಿನ ಲೆಕ್ಕ ತಪ್ಪಿದರೆ ಏನು ಮಾಡಬೇಕು?

ಪ್ರಶ್ನೆ: ನಾನು ಸಾಗರದ ಕಡೆಯವನು. ಎಚ್‌-1ಬಿ ವೀಸಾದ ಮೇಲೆ ಪೆನ್ಸಿಲ್ವೇನಿಯದ ಯಾರ್ಕ್ ಊರಿನಲ್ಲಿ ಕೆಲಸದಲ್ಲಿದ್ದೇನೆ. ಬೆಳೆ ರಕ್ಷಣೆಗೆಂದು ಅಜ್ಜ ಇಟ್ಟುಕೊಂಡಿದ್ದ ಕೇಪಿನ ಕೋವಿಯನ್ನು ನೋಡುತ್ತ ಬೆಳೆದವನು. ಇಲ್ಲಿಗೆ ಬಂದ ಮೇಲೆ ಮ್ಯೂಸಿಯಂನಲ್ಲಿ ಲ್ಯಾಂಕಾಸ್ಟರ್ ಶೈಲಿಯ ಚಕಮಕಿ ಲಾಂಗ್‌ರೈಫಲ್, ಅಂದರೆ ಬಾಯಿಯಿಂದ ಮದ್ದು ತುಂಬುವ ಉದ್ದ ನಳಿಗೆಯ ಹಳೇ ಥರದ ಕೋವಿ ನೋಡಿ, ಅಂಥದ್ದೊಂದನ್ನು ನಾನೇ ಕಟ್ಟಬೇಕು ಅನ್ನಿಸಿತು. ಹುಲಿಪಟ್ಟೆಯ ಮೇಪಲ್ ಹಲಗೆ, .50 ಕ್ಯಾಲಿಬರಿನ 42 ಇಂಚಿನ ನಳಿಗೆ, ಲಾಕ್ (ಕಿಡಿ ಹೊತ್ತಿಸುವ ಯಂತ್ರ), ಹಿತ್ತಾಳೆ ಸಾಮಾನು ಎಲ್ಲ ಕೊಂಡು ತಂದೆ. ನಳಿಗೆಯನ್ನು ಮರಕ್ಕೆ ಕೂರಿಸಿದ್ದಾಯಿತು. ಒಂದು ಪುಸ್ತಕದ ನಕ್ಷೆ ನೋಡಿ ಲಾಕನ್ನೂ ಪೂರ್ತಿ ಆಳಕ್ಕೆ ಕೂರಿಸಿದೆ. ಈಗ ಗಜಕಡ್ಡಿ ಇಳಿಸಿ ಅಳೆದರೆ, ಮದ್ದಿನ ಬಟ್ಟಲಿನ ನಡು ಬ್ರೀಚ್ ಪ್ಲಗ್‌ನ ಮುಖಕ್ಕಿಂತ 2 ಮಿ.ಮೀ. ಹಿಂದೆ ಬೀಳುತ್ತಿದೆ. ಇನ್ನೂ ಯಾವ ತೂತನ್ನೂ ಕೊರೆದಿಲ್ಲ. ಪ್ಲಗ್‌ನ ಮುಖದಲ್ಲೇ ಒಂದು ತೋಡು ತೆಗೆದುಬಿಡು ಅಂತ ಕ್ಲಬ್ಬಿನ ಹಿರಿಯರೊಬ್ಬರು ಹೇಳಿದರು. ತೂತನ್ನು ಓರೆಯಾಗಿ ಕೊರೆ ಅಂತ ಇನ್ನೊಬ್ಬರು. ಮರ ಹಾಳಾಯಿತೇ? ನಳಿಗೆ, ಲಾಕು ಎರಡೂ ಕೊಂಡದ್ದೇ ಆದರೆ ಇದು ಕೈಯಿಂದ ಮಾಡಿದ ಕೋವಿ ಹೇಗಾಗುತ್ತೆ ಅಂತ ಗೆಳೆಯನ ಪ್ರಶ್ನೆ. ಹಳೇ ಥರದ ನಳಿಗೆ ಸಿಡಿಯುತ್ತೆ, ಬೇಡ ಅಂತ ಅಪ್ಪನ ಹೆದರಿಕೆ. ಮರಕ್ಕೆ ಹಳೆಯ ಕೆಂಪುಗಂದು ಬಣ್ಣ ಹೇಗೆ ಬರಿಸುವುದು, ಮುಗಿದ ಮೇಲೆ ಊರಿಗೆ ತಂದು ಅಪ್ಪನಿಗೆ ತೋರಿಸಬಹುದೇ ಎಂಬುದನ್ನೂ ತಿಳಿಸಿ. ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಮರ ಹಾಳಾಗಿಲ್ಲ. ತೂತು ಕೊರೆಯುವ ಮೊದಲು ಅಳೆದು ನೋಡಿದಿರಲ್ಲ, ಅದರಿಂದಲೇ ಈ ಕೋವಿ ಉಳಿಯಿತು. ನನ್ನ ಬಳಿ ರಿಪೇರಿಗೆ ಬರುವ, ಅರ್ಧಕ್ಕೆ ನಿಂತ ಕೋವಿಗಳಲ್ಲಿ ನಿಮ್ಮ ತೊಂದರೆಯದ್ದೇ ದೊಡ್ಡ ಪಾಲು. ಅವುಗಳಲ್ಲಿ ಹೆಚ್ಚಿನವು ತೂತು ಕೊರೆದಾದ ಮೇಲೆ ಬರುತ್ತವೆ, ಆಗ ನಳಿಗೆಗೇ ಕೈ ಹಾಕಬೇಕಾಗುತ್ತದೆ. ನಿಮಗೆ ಇನ್ನೂ ಎಲ್ಲ ದಾರಿಗಳೂ ತೆರೆದಿವೆ.

ಮೊದಲು ತೊಂದರೆ ಏನೆಂದು ಬಿಡಿಸಿ ನೋಡೋಣ. ಚಕಮಕಿ ಕಲ್ಲು ತಾನಾಗಿ ಕಿಡಿ ಕೊಡುವುದಿಲ್ಲ. ಕಲ್ಲನ್ನು ಕಚ್ಚಿ ಹಿಡಿದ ಕುದುರೆ, ಅಂದರೆ ಲಾಕಿನ ಸುತ್ತಿಗೆ, ಮುಂದಕ್ಕೆ ಬಿದ್ದಾಗ ಕಲ್ಲಿನ ಚೂಪು ಅಂಚು ಎದುರಿಗಿರುವ ಗಟ್ಟಿ ಉಕ್ಕಿನ ಫ್ರಿಜನ್ನಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳನ್ನು ಹೆರೆಯುತ್ತದೆ. ಗಾಳಿಯಲ್ಲಿ ಉರಿಯುವುದು ಆ ಉಕ್ಕಿನ ಚೂರು. ಅದು ಬಟ್ಟಲಿನ ಮದ್ದಿಗೆ ಬೀಳುತ್ತದೆ, ಮದ್ದು ಭಗ್ಗನೆ ಹತ್ತುತ್ತದೆ, ಆ ಬೆಂಕಿಯ ಝಳ ನಳಿಗೆಯ ಪಕ್ಕದ ಸಣ್ಣ ತೂತಿನ ಮೂಲಕ ಒಳಗಿನ ಮುಖ್ಯ ಮದ್ದಿಗೆ ತಲುಪುತ್ತದೆ. ಇಲ್ಲಿ ಅದನ್ನು ಕಿಡಿತೂತು ಎಂದು ಕರೆಯುತ್ತೇನೆ. ಬ್ರೀಚ್ ಪ್ಲಗ್ ಎಂದರೆ ನಳಿಗೆಯ ಹಿಂಬಾಯಿಯನ್ನು ಮುಚ್ಚುವ ತಿರುಪು ಬಿರಡೆ. ಅದರ ಮುಖದ ಮುಂದೆ ಮದ್ದು, ಹಿಂದೆ ಗಟ್ಟಿ ಕಬ್ಬಿಣ. ಹೀಗಾಗಿ ತೂತು ಪ್ಲಗ್‌ನ ಮುಖಕ್ಕಿಂತ ಮುಂದೆಯೇ ಇರಬೇಕು, ಬಟ್ಟಲಿನ ಎದುರಿಗೂ ಇರಬೇಕು. ನಿಮ್ಮ ಕೋವಿಯಲ್ಲಿ ಈ ಎರಡು ಜಾಗಗಳು ಒಂದರ ಮೇಲೊಂದು ಕೂಡುತ್ತಿಲ್ಲ.

ಹೀಗಾದದ್ದು ನಿಮ್ಮ ಕೈ ತಪ್ಪಿದ್ದರಿಂದಲ್ಲ, ಕೆಲಸದ ಕ್ರಮದಿಂದ. ನಕ್ಷೆಯಲ್ಲಿ ಬಟ್ಟಲಿನ ಹಿಂದಿನ ತಡೆಗೋಡೆ ನಳಿಗೆಯ ಹಿಂತುದಿಗೆ ಸರಿಯಾಗಿ ನಿಂತಿರುತ್ತದೆ. ನೋಡಲು ಅದೇ ಚೆಂದ, ಹಳೆಯ ಕೋವಿಗಳಲ್ಲಿ ಹೆಚ್ಚಾಗಿ ಇರುವುದೂ ಹಾಗೆಯೇ. ಆದರೆ ಆ ನಕ್ಷೆಗೆ ನಿಮ್ಮ ಪ್ಲಗ್ ಎಷ್ಟು ಉದ್ದವೆಂದು ಗೊತ್ತಿಲ್ಲ. ಒಬ್ಬೊಬ್ಬ ನಳಿಗೆ ತಯಾರಕರ ಪ್ಲಗ್ ಒಂದೊಂದು ಉದ್ದ. ಲಾಂಗ್‌ರೈಫಲ್ಲಿನ ಎಲ್ಲ ಅಳತೆಯೂ ಪ್ಲಗ್‌ನ ಮುಖದಿಂದ ಹುಟ್ಟುತ್ತದೆ. ತೂತಿನ ಜಾಗವನ್ನು ಅದು ಹೇಳುತ್ತದೆ, ಲಾಕಿನ ಜಾಗವನ್ನು ತೂತು ಹೇಳುತ್ತದೆ. ಲಾಕಿನೊಳಗೆ ಕುದುರೆಯನ್ನು ಹಿಡಿದು ಬಿಡುವ ಸಿಯರ್ ಕಡ್ಡಿ ಟ್ರಿಗರ್ ಎಲ್ಲಿರಬೇಕೆಂದು ತಿಳಿಸುತ್ತದೆ, ಟ್ರಿಗರಿನಿಂದ ಹೆಗಲಿನವರೆಗೆ ಅಳೆದರೆ ಕೋವಿಮರದ ಉದ್ದ ಸಿಗುತ್ತದೆ. ಈ ಸರಣಿಯನ್ನು ನಡುವಿನಿಂದ ಹಿಡಿದು ಹೊರಟರೆ ಎಲ್ಲೋ ಒಂದು ಕಡೆ ಕಾಲು ಸಿಕ್ಕಿಕೊಳ್ಳುತ್ತದೆ.

ಈಗ ನಿಮಗೆ ಸಿಕ್ಕ ಸಲಹೆಗಳು. ಪ್ಲಗ್‌ನ ಮುಖದಲ್ಲಿ ತೋಡು ತೆಗೆಯುವುದು ಹಿರಿಯರು ಹುಟ್ಟಿಸಿದ ಮಾತಲ್ಲ. ಹಳೆಯ ಕೋವಿಗಳಲ್ಲಿ ಹಾಗೆ ಮಾಡಿದ್ದನ್ನು ನಾನೂ ನೋಡಿದ್ದೇನೆ. ಆದರೂ ಮಾಡಬೇಡಿ. ಆ ತೋಡಿನಲ್ಲಿ ಮದ್ದಿನ ಕಿಟ್ಟ ತುಂಬಿಕೊಳ್ಳುತ್ತದೆ, ಗಜಕಡ್ಡಿಯ ತುದಿಯ ಬಟ್ಟೆ ಅಲ್ಲಿಗೆ ತಲುಪುವುದಿಲ್ಲ. ಕರಿಮದ್ದಿನ ಕಿಟ್ಟ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಬೆಂಕಿ ಸುತ್ತಿ ಬಳಸಿ ಹೋಗಬೇಕಾದ್ದರಿಂದ ಈಡು ಹಾರುವುದೂ ತಡ. ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ತೂತು ಪ್ಲಗ್‌ನ ತಿರುಪಿನ ಮೇಲೇ ಕೊರೆದಂತಾಗುತ್ತದೆ. ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಒತ್ತಡ ತಡೆಯಬೇಕಾದ ತಿರುಪು ಅದು, ಅದನ್ನು ಕತ್ತರಿಸಿ ಬಲ ಕಡಿಮೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಓರೆ ತೂತೂ ಬೇಡ. ಅದನ್ನು ನೆಟ್ಟಗೆ ಶುಚಿ ಮಾಡಲಾಗದು. ತೂತಿನ ಹಾದಿ ಉದ್ದವಾದಷ್ಟೂ ಅದರೊಳಗೆ ಮದ್ದಿನ ಕಣ ನಿಂತು ಬತ್ತಿಯಂತೆ ಒಂದೊಂದಾಗಿ ಉರಿಯುತ್ತದೆ. ಬಟ್ಟಲಿನಲ್ಲಿ ಭುಗ್ಗೆಂದು, ಕ್ಷಣ ಬಿಟ್ಟು ಕೋವಿ ಢಮ್ಮೆನ್ನುವುದು ಇದರಿಂದಲೇ. ಚಕಮಕಿ ಕೋವಿ ಎಂದರೆ ಹಾಗೇ, ತಡ ಮಾಡಿಯೇ ಹಾರುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದು ಕೆಟ್ಟದಾಗಿ ಕಟ್ಟಿದ ಕೋವಿಗಳಿಂದ ಬಂದದ್ದು. ಸರಿಯಾಗಿ ಕಟ್ಟಿದ ಕೋವಿಯಲ್ಲಿ ಎರಡು ಸದ್ದು ಕಿವಿಗೆ ಬೇರೆಬೇರೆಯಾಗಿ ಕೇಳುವುದೇ ಇಲ್ಲ.

ಪ್ಲಗ್ಗನ್ನೇ ಗಿಡ್ಡ ಮಾಡಿಬಿಟ್ಟರೆ ಎಂದು ನಿಮಗೂ ಹೊಳೆದಿರಬಹುದು. ಮುಖವನ್ನು ಅರದಿಂದ ಉಜ್ಜಿ ಹಾಗೇ ತಿರುಗಿಸಿ ಕೂರಿಸಿದರೆ ಪ್ಲಗ್‌ಗೂ ನಳಿಗೆಯೊಳಗಿನ ಮೆಟ್ಟಿಲಿಗೂ ನಡುವೆ ಸಂದು ಉಳಿಯುತ್ತದೆ. ಅದು ಕಿಟ್ಟದ ಗೂಡಾಗುತ್ತದೆ, ಉರಿಯುವ ಕೆಂಡದ ಚೂರು ಅಲ್ಲಿ ಉಳಿದರೆ ಮುಂದಿನ ಈಡಿಗೆ ಸುರಿದ ಮದ್ದಿಗೆ ಬೆಂಕಿ ತಗುಲಬಹುದು. ಸಂದಿಲ್ಲದಂತೆ ಮಾಡಬೇಕಾದರೆ ನಳಿಗೆಯ ಹಿಂತುದಿಯನ್ನೂ ಅಷ್ಟೇ ಕತ್ತರಿಸಬೇಕು, ತಿರುಪಿನ ಹಿಡಿತ ಸಾಕಷ್ಟು ಉಳಿಯುತ್ತದೋ ನೋಡಬೇಕು. ಅದು ಲೇತ್ ಇರುವ, ನಳಿಗೆಯ ಕೆಲಸ ಬಲ್ಲ ಗನ್‌ಸ್ಮಿತ್‌ಗೆ ಬಿಡುವ ಕೆಲಸ. ಮನೆಯ ಗ್ಯಾರೇಜಿನದ್ದಲ್ಲ.

ನಾನು ಹೇಳುವ ದಾರಿ ನಳಿಗೆಯನ್ನು ಹಿಂದಕ್ಕೆ ಸರಿಸುವುದು. ಲಾಕು ಇದ್ದಲ್ಲೇ ಇರಲಿ. ನಳಿಗೆಯ ಹಿಂತುದಿ ಒರಗುವ ಮರದ ಗೋಡೆಯನ್ನು ಉಳಿಯಿಂದ 3.5 ಮಿ.ಮೀ. ಹಿಂದಕ್ಕೆ ಕೆತ್ತಿ. ಆಗ ಬಟ್ಟಲಿನ ನಡು ಪ್ಲಗ್‌ನ ಮುಖಕ್ಕಿಂತ 1.5 ಮಿ.ಮೀ. ಮುಂದೆ ಬರುತ್ತದೆ. ತೂತನ್ನು ಬಟ್ಟಲಿನ ನಡುವಿಗಿಂತ ಇನ್ನೊಂದು ಅರ್ಧ ಮಿ.ಮೀ. ಮುಂದಕ್ಕೆ ಕೊರೆದರೂ ಏನೂ ಆಗದು, ಬಟ್ಟಲಿನ ಬೆಂಕಿ ಅಷ್ಟು ಅಗಲವಾಗಿಯೇ ಇರುತ್ತದೆ. 1.6 ಮಿ.ಮೀ. ತೂತಿಗೆ ಇಷ್ಟು ಜಾಗ ಧಾರಾಳ.

ನಳಿಗೆ ನೇರವಾದ ಕೊಳವೆಯಲ್ಲ, ಬ್ರೀಚಿನಿಂದ, ಅಂದರೆ ಹಿಂತುದಿಯಿಂದ, ಸೊಂಟಕ್ಕೆ ಸಣ್ಣಗಾಗಿ ಬಾಯಲ್ಲಿ ಮತ್ತೆ ಅಗಲವಾಗುತ್ತದೆ, ಸರಿಸಿದರೆ ಮರದ ಅಂಚಿನಲ್ಲಿ ಸಂದು ಬೀಳುವುದಿಲ್ಲವೇ ಎಂದು ನೀವು ಕೇಳಬೇಕು. ಲೆಕ್ಕ ಹಾಕಿ ನೋಡಿ. ನಿಮ್ಮದರಂಥ ನಳಿಗೆ ಬ್ರೀಚಿನಲ್ಲಿ ಸುಮಾರು 25.4 ಮಿ.ಮೀ., ಅಲ್ಲಿಂದ 700 ಮಿ.ಮೀ. ಮುಂದೆ ಸೊಂಟದಲ್ಲಿ ಸುಮಾರು 19 ಮಿ.ಮೀ. ಅಂದರೆ 3.5 ಮಿ.ಮೀ. ಸರಿಸಿದರೆ ಅಗಲದಲ್ಲಿ ಬರುವ ವ್ಯತ್ಯಾಸ 0.03 ಮಿ.ಮೀ. ತಲೆಗೂದಲಿಗಿಂತ ತೆಳು. ಬಾಯಿಯ ಕಡೆ ಮಾತ್ರ ಸ್ವಲ್ಪ ಬಿಗಿಯಾಗುತ್ತದೆ, ಅಲ್ಲಿ ಹೆರೆದು ಸಡಿಲ ಮಾಡಿ.

ಗಮನ ಬೇಕಾದ್ದು ಟ್ಯಾಂಗ್, ಅಂದರೆ ಪ್ಲಗ್‌ನಿಂದ ಹಿಂದಕ್ಕೆ ಚಾಚಿ ಮರದ ಮೇಲೆ ಮಲಗುವ ಪಟ್ಟಿ. ಅದೂ 3.5 ಮಿ.ಮೀ. ಹಿಂದೆ ಹೋಗುತ್ತದೆ. ನಿಮ್ಮ ಚಿತ್ರದಲ್ಲಿ ಅದರ ಎರಡು ಬದಿಯೂ ಸಮಾನಾಂತರವಾಗಿವೆ, ಒಳ್ಳೆಯದಾಯಿತು. ತುದಿಯಲ್ಲಿ ಅಗಲವಾಗುವ ಮಾದರಿಯಾಗಿದ್ದರೆ ಬದಿಯಲ್ಲಿ ಸಂದು ಕಾಣುತ್ತಿತ್ತು. ಬಾಗು ಮಾತ್ರ ಹೊಸ ಜಾಗಕ್ಕೆ ಹೊಂದದೆ ಇರಬಹುದು, ತುಸು ಮತ್ತೆ ಬಾಗಿಸಬೇಕಾಗುತ್ತದೆ. ಕೋವಿ ಹಿಂದೊದೆಯುವ ಬಲವನ್ನೆಲ್ಲ ನಳಿಗೆಯ ಹಿಂತುದಿಯ ಹಿಂದಿರುವ ಮರವೇ ಹೊರಬೇಕು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ನಳಿಗೆಯ ಹಿಂಮುಖಕ್ಕೆ ಬಳಿದು ಕೂರಿಸಿ, ಎತ್ತಿ, ಕಪ್ಪು ತಗುಲಿದಲ್ಲಿ ಮಾತ್ರ ಹೆರೆಯಿರಿ. ಇಡೀ ಗೋಡೆಗೆ ಸಮವಾಗಿ ಕಪ್ಪು ಹತ್ತುವವರೆಗೂ ಬಿಡಬೇಡಿ. ಟ್ಯಾಂಗ್‌ನ ಹಿಂತುದಿ ಮಾತ್ರ ಮರಕ್ಕೆ ಒತ್ತಿ ನಿಲ್ಲಬಾರದು, ಅಲ್ಲಿ ಬಲ ಬಿದ್ದರೆ ಕೋವಿಮರದ ಮಣಿಕಟ್ಟಿನ, ಅಂದರೆ ಕೈಯಲ್ಲಿ ಹಿಡಿಯುವ ತೆಳು ಜಾಗದಲ್ಲಿ ಮರ ಸೀಳುತ್ತದೆ.

ಈ ದಾರಿಯ ಬೆಲೆ ನೋಟದಲ್ಲಿ ತೆರಬೇಕು: ನಳಿಗೆಯ ಹಿಂತುದಿ ಬಟ್ಟಲಿನ ತಡೆಗೋಡೆಗಿಂತ 3.5 ಮಿ.ಮೀ. ಹಿಂದೆ ಕಾಣುತ್ತದೆ. ಬಲ್ಲವರು ಗುರುತಿಸುತ್ತಾರೆ. ಗುರಿಗಾಗಲಿ ಭದ್ರತೆಗಾಗಲಿ ಅದರಿಂದ ನಷ್ಟವಿಲ್ಲ. ಇದು ಒಪ್ಪಿಗೆಯಾಗದಿದ್ದರೆ ಲಾಕನ್ನೇ ಮುಂದಕ್ಕೆ ಸರಿಸಿ, ಹಿಂದೆ ಉಳಿಯುವ ಸಂದಿಗೆ ಅದೇ ಹಲಗೆಯ ಚೂರನ್ನು ಎಳೆ ಕೂಡಿಸಿ ಅಂಟಿಸಬಹುದು. ಆದರೆ ಹುಲಿಪಟ್ಟೆಯ ಮೇಪಲ್‌ನಲ್ಲಿ ತೇಪೆ ಅಡಗುವುದಿಲ್ಲ. ಬಣ್ಣ ಹಾಕಿದ ಕೂಡಲೇ ಪಟ್ಟೆ ಮುರಿದದ್ದು ಎದ್ದು ಕಾಣುತ್ತದೆ, ಅದೂ ಎಲ್ಲರ ಕಣ್ಣು ಮೊದಲು ಬೀಳುವ ಜಾಗದಲ್ಲಿ. ಹೀಗಾಗಿ ನನ್ನ ಆಯ್ಕೆ ಮೊದಲನೆಯದೇ.

ತೂತಿಗೆ ಲೈನರ್ ಹಾಕಲೇಬೇಕೆಂದು ಯಾರಾದರೂ ಹೇಳಿಯಾರು. ಒಳಗಿನಿಂದ ಶಂಕುವಿನಂತೆ ಅಗಲವಾದ ಆ ತಿರುಪು ತುಂಡು ನಿಜಕ್ಕೂ ಒಳ್ಳೆಯ ವಸ್ತು. ಮದ್ದು ಬೆಂಕಿಯ ಹತ್ತಿರಕ್ಕೇ ಬಂದು ಕೂರುತ್ತದೆ. ಆದರೆ ಕಾಲಿಂಚಿನ ಲೈನರ್ ಪ್ಲಗ್‌ನ ತಿರುಪಿಗೆ ತಾಗದಿರಬೇಕಾದರೆ ಅದರ ನಡು ಪ್ಲಗ್‌ನ ಮುಖದಿಂದ 3.2 ಮಿ.ಮೀ.ಗಿಂತ ಮುಂದಿರಬೇಕು. ನಿಮಗೆ ಅಷ್ಟು ಜಾಗವಿಲ್ಲ. ಹಳೆಯವರಂತೆ ನಳಿಗೆಯಲ್ಲೇ ನೇರ ತೂತು ಕೊರೆದು, ಪ್ಲಗ್ ಬಿಚ್ಚಿದಾಗ ಒಳಗಿನಿಂದ ಸಣ್ಣ ಶಂಕು ತೆಗೆಸಿ. ಎತ್ತರ ಬಟ್ಟಲಿನ ಮೇಲಂಚಿನ ಮಟ್ಟದಲ್ಲಿದ್ದರೆ ಸಾಕು. ಆ ಎತ್ತರದ ಬಗ್ಗೆ ಕೂದಲೆಳೆಯ ಜಗಳಗಳು ನಡೆಯುತ್ತವೆ. ವೇಗದ ಉಪಕರಣ ಇಟ್ಟು ಅಳೆದವರಿಗೆ ಕಂಡದ್ದು ಇಷ್ಟು: ಎತ್ತರಕ್ಕಿಂತ ಬಟ್ಟಲಿನ ಮದ್ದು ತೂತಿಗೆ ಎಷ್ಟು ಹತ್ತಿರವಿದೆ ಎಂಬುದೇ ಮುಖ್ಯ. ಹತ್ತಿರವಿರಲಿ, ತೂತನ್ನು ತುಂಬುವುದು ಬೇಡ.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕು, ಏಕೆಂದರೆ ನಿಮ್ಮ ಚಿತ್ರಗಳಲ್ಲಿ ನನಗೆ ಹೆಚ್ಚು ಕಾಡಿದ್ದು ಆ 2 ಮಿ.ಮೀ. ಅಲ್ಲ, ಮರದ ದಪ್ಪ. ನಳಿಗೆಯ ಎರಡು ಬದಿಗೂ ನೀವು ಬೆರಳು ದಪ್ಪದ ಮರ ಉಳಿಸಿದ್ದೀರಿ, ಲಾಕಿನ ಸುತ್ತಲೂ ಅಗಲ ಚೌಕಟ್ಟು ಬಿಟ್ಟಿದ್ದೀರಿ. ಮೊದಲ ಕೋವಿ ಕಟ್ಟುವ ಎಲ್ಲರೂ ಹೀಗೇ ಮಾಡುತ್ತಾರೆ, ತೆಗೆದ ಮರ ಮತ್ತೆ ಬರುವುದಿಲ್ಲ ಎಂಬ ಭಯ. ಮ್ಯೂಸಿಯಂನಲ್ಲಿ ಜೇಕಬ್ ಡಿಕರ್ಟನ ಕಾಲದ ಲ್ಯಾಂಕಾಸ್ಟರ್ ಕೋವಿಯನ್ನು ಪಕ್ಕದಿಂದ ನೋಡಿ. ಡಿಕರ್ಟ್ 1740ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಲ್ಯಾಂಕಾಸ್ಟರಿನಲ್ಲಿ ಬಾಳಿದ ಕೋವಿಗಾರ. ಆ ಪರಂಪರೆಯ ಕೋವಿಯಲ್ಲಿ ನಳಿಗೆಯ ಬದಿಯ ಮರ ಮುಂದಕ್ಕೆ ಹೋದಂತೆ 2-3 ಮಿ.ಮೀ.ಗೆ ಇಳಿಯುತ್ತದೆ. ಲಾಕಿನ ಸುತ್ತ ಉಳಿದ ಮರ ಒಂದು ಗೆರೆಯಷ್ಟೇ. ಕೆನ್ನೆ ತಾಗುವ ಮೇಲಂಚು ನೇರ, ಕೆಳಂಚೂ ನೇರ, ಎರಡೂ ಸೇರಿ ಒಂದು ಉದ್ದ ತ್ರಿಕೋನ. ಪಕ್ಕದ ಲೀಹೈ ಕಣಿವೆಯವರು ಅದೇ ಮೇಪಲ್‌ನಲ್ಲಿ ಕೋವಿಯ ಬೆನ್ನನ್ನು ಬಿಲ್ಲಿನಂತೆ ಬಾಗಿಸಿದರು. ಕೆತ್ತನೆ, ಹಿತ್ತಾಳೆ ಎಲ್ಲ ಕಿತ್ತು ಹಾಕಿದರೂ ಇದು ಲ್ಯಾಂಕಾಸ್ಟರಿನದು, ಅದು ಲೀಹೈಯದು ಎಂದು ಗೆರೆಯಿಂದಲೇ ಹೇಳಬಹುದು. ಆ ಗೆರೆ ಬರುವವರೆಗೆ ಕೀಸಬೇಕು. ಕೆತ್ತನೆಯ ಉಳಿಯನ್ನು ಅಲ್ಲಿಯವರೆಗೆ ಪೆಟ್ಟಿಗೆಯಲ್ಲೇ ಇಡಿ. ದಪ್ಪ ಮರದ ಮೇಲಿನ ಒಳ್ಳೆಯ ಹೂಬಳ್ಳಿಯನ್ನು ನೋಡಿದಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ, ಅಷ್ಟು ಶ್ರಮ ಎಲ್ಲಿ ಹೋಯಿತು ಎಂದು.

ಕೀಸುವ ಮುನ್ನ ಗಜಕಡ್ಡಿಯ ತೂತು ಕೊರೆದಿರಬೇಕು. ನಾಲ್ಕು ಅಡಿ ಉದ್ದದ ಬೈರಿಗೆ ಮರದೊಳಗೆ ತನ್ನಿಷ್ಟದಂತೆ ಅಲೆಯುತ್ತದೆ. ನಳಿಗೆಗೂ ಆ ತೂತಿಗೂ ನಡುವೆ 3 ಮಿ.ಮೀ. ಮರ ಉಳಿದರೆ ಸರಿ. ಲಾಕಿನ ಮುಂದಿನ ಬೋಲ್ಟು ಆ ಇಕ್ಕಟ್ಟಿನಲ್ಲೇ ತೂರಿ ಹೋಗಬೇಕು ಎಂಬುದನ್ನು ನೆನಪಿಡಿ. ತೂತು ಎಲ್ಲಿ ಹಾದುಹೋಗಿದೆ ಎಂದು ಗೊತ್ತಾದ ಮೇಲೆ ಕೊನೆಯ ಅಳತೆಗೆ ಕೀಸಿದರೆ ಕೆಳಗಿನ ಗೆರೆ ಸರಿಯಾಗಿ ಬರುತ್ತದೆ.

ಇನ್ನು ನಿಮ್ಮ ಗೆಳೆಯರ ಪ್ರಶ್ನೆ. ಕಾಡಂಚಿನ ಗುಡಿಸಲಿನಲ್ಲಿ ಒಬ್ಬ ಕಮ್ಮಾರ ಒಂಟಿಯಾಗಿ ಕುಳಿತು, ಕಬ್ಬಿಣ ಕಾಯಿಸಿ ನಳಿಗೆ ಸುತ್ತಿ, ಲಾಕಿನ ಸ್ಪ್ರಿಂಗು ಬಡಿದು, ಮರ ಕೆತ್ತಿ ಇಡೀ ಕೋವಿಯನ್ನು ಹುಟ್ಟಿಸುತ್ತಿದ್ದ ಎಂಬ ಚಿತ್ರ ಎಲ್ಲರ ತಲೆಯಲ್ಲೂ ಇದೆ. ಹಾಗೆ ಮಾಡಬಲ್ಲವರು ಇದ್ದರು. 1960ರ ದಶಕದಲ್ಲಿ ವರ್ಜೀನಿಯದ ವಿಲಿಯಮ್ಸ್‌ಬರ್ಗಿನಲ್ಲಿ ವ್ಯಾಲೆಸ್ ಗಸ್ಲರ್ ಅದನ್ನು 18ನೇ ಶತಮಾನದ ಉಪಕರಣಗಳಿಂದಲೇ ಮತ್ತೆ ಮಾಡಿ ತೋರಿಸಿದರು, ನನ್ನಂಥವರು ಈ ಕೆಲಸಕ್ಕೆ ಬಂದದ್ದು ಅಂಥವರಿಂದ. ಆದರೆ ಅಂದಿನ ಕಸುಬು ನಡೆಯುತ್ತಿದ್ದ ಬಗೆ ಬೇರೆ. ಲಾಕುಗಳು ಹೆಚ್ಚಾಗಿ ಇಂಗ್ಲೆಂಡು, ಜರ್ಮನಿಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಕೆಟ್‌ಲ್ಯಾಂಡ್ ಹೆಸರು ಕೊರೆದ ಬರ್ಮಿಂಗ್‌ಹ್ಯಾಮ್ ಲಾಕುಗಳು ಪೆನ್ಸಿಲ್ವೇನಿಯದ ಕೋವಿಗಳಲ್ಲಿ ಬೇಕಾದಷ್ಟಿವೆ. ಬರ್ಕ್ಸ್ ಕೌಂಟಿಯ ವಯೋಮಿಸಿಂಗ್ ಹಳ್ಳದ ದಂಡೆಯಲ್ಲಿ ನೀರಿನ ಚಕ್ರದಿಂದ ನಳಿಗೆ ಕೊರೆಯುವ ಗಿರಣಿಗಳಿದ್ದವು. ನೇಜರೆತ್ ಬಳಿಯ ಕ್ರಿಶ್ಚಿಯನ್ಸ್ ಸ್ಪ್ರಿಂಗ್‌ನಲ್ಲಿ ಮೊರೇವಿಯನ್ ಪಂಥದವರ ಕೋವಿಸಾಲೆಯಲ್ಲಿ ಗುರು, ಶಿಷ್ಯರು ಕೆಲಸ ಹಂಚಿಕೊಂಡು ಮಾಡುತ್ತಿದ್ದರು. ಅಲ್ಲಿಯ ಕ್ರಿಶ್ಚಿಯನ್ ಓರ್ಟರ್ 1770ರ ದಶಕದಲ್ಲಿ ಹೆಸರು, ಇಸವಿ ಕೊರೆದಿಟ್ಟ ಕೋವಿಗಳು ಇಂದಿಗೂ ನಮಗೆ ಪಾಠದ ಹಲಗೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರ್ಖಾನೆಗಳಲ್ಲಿ ಅದೇ ಶತಮಾನದಲ್ಲಿ ತಯಾರಾದ ಚಕಮಕಿ ಕೋವಿಗಳೂ ಹಲವು ಕೈಗಳ ಕೆಲಸ. ಅವುಗಳ ಮೇಲಿನ ಹುಲಿಯ ಗುರುತು ಕಂಡು ಇದು ಒಬ್ಬನೇ ಮಾಡಿದ್ದೋ ಎಂದು ಯಾರೂ ಕೇಳುವುದಿಲ್ಲ.

ಕೊಂಡು ತಂದ ಲಾಕನ್ನು, ನಳಿಗೆಯನ್ನು ಒಂದು ಒರಟು ಹಲಗೆಯೊಳಗೆ ಕೂರಿಸಿ, ಹೆಗಲಿಗೆ ಇಟ್ಟ ಕೂಡಲೇ ಕಣ್ಣು ತಾನಾಗಿ ಗುರಿಯ ಸಾಲಿಗೆ ಬರುವಂತೆ ಮಾಡುವುದೇ ಅಂದಿನ ಕೋವಿಗಾರನ ಕಸುಬು. ನೀವು ಮಾಡುತ್ತಿರುವುದು ಅದೇ. ಈಗ ಕಂಪ್ಯೂಟರ್ ಯಂತ್ರದಲ್ಲಿ ಪೂರ್ತಿ ಕೆತ್ತಿದ ಮರದ ಕಿಟ್‌ಗಳೂ ಸಿಗುತ್ತವೆ, ಅವುಗಳಲ್ಲಿ ಕೆಲವು ತುಂಬ ಚೆನ್ನಾಗಿವೆ. ಮೊದಲ ಕೋವಿಗೆ ಅವನ್ನು ತೆಗೆದುಕೊಳ್ಳುವವರನ್ನು ನಾನು ಎಂದೂ ತಡೆಯುವುದಿಲ್ಲ, ಅದರಿಂದ ಕಣ್ಣಿಗೆ ಸರಿಯಾದ ಗೆರೆಯ ಅಭ್ಯಾಸವಾಗುತ್ತದೆ. ನೀವು ಹಲಗೆಯಿಂದ ಶುರು ಮಾಡಿ ಕಷ್ಟದ ದಾರಿಯಲ್ಲಿ ಅರ್ಧ ಬಂದಿದ್ದೀರಿ, ಇನ್ನು ಹಿಂತಿರುಗಬೇಡಿ.

ಅಪ್ಪನ ಹೆದರಿಕೆ ಸುಳ್ಳಲ್ಲ, ಅದಕ್ಕೆ ಕಾರಣವಿದೆ. ಮಲೆನಾಡಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದು ಒಳಗೆ ತುಕ್ಕು ತಿಂದ ನಳಿಗೆಗಳು, ಕೈಗೆ ಸಿಕ್ಕ ಕೊಳವೆಯಿಂದ ಮಾಡಿದ ನಾಡಕೋವಿಗಳು ಸಿಡಿದು ಬೆರಳು, ಕಣ್ಣು ಕಳೆದುಕೊಂಡವರ ಸುದ್ದಿಯನ್ನು ಅವರು ಕೇಳಿಯೇ ಇರುತ್ತಾರೆ. ನಿಮ್ಮ ನಳಿಗೆ ಅದಲ್ಲ. ಗೊತ್ತಿರುವ ತಯಾರಕರು ಗೊತ್ತಿರುವ ಉಕ್ಕಿನಿಂದ ಈ ಕೆಲಸಕ್ಕೆಂದೇ ಮಾಡಿದ್ದು. ನಳಿಗೆಯನ್ನು ಎಂದೂ ಮನೆಯಲ್ಲಿ ಮಾಡಲು ಹೋಗಬೇಡಿ ಎನ್ನುವುದು ಇದಕ್ಕೇ. ಆದರೆ ಒಳ್ಳೆಯ ನಳಿಗೆಯೂ ಕೆಲವು ತಪ್ಪಿಗೆ ಸಿಡಿಯುತ್ತದೆ. ಗುಂಡು ಮದ್ದಿಗೆ ಒತ್ತಿ ಕೂರದೆ ನಡುವಿನಲ್ಲಿ ನಿಂತರೆ ಅದೇ ಅಡ್ಡಗಟ್ಟಾಗುತ್ತದೆ. ಗಜಕಡ್ಡಿಯ ಮೇಲೆ ಪೂರ್ತಿ ಇಳಿದ ಗುರುತು ಮಾಡಿಕೊಂಡು ಪ್ರತಿ ಸಲವೂ ನೋಡಿ. ಮಾತಿಗೆ ಮಾತು ಬೆಳೆದು ಎರಡು ಸಲ ಮದ್ದು ಸುರಿಯುವವರಿದ್ದಾರೆ, ತುಂಬುವಾಗ ಮಾತು ಬೇಡ. ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡಿ, ಅಳತೆಯ ಪಾತ್ರೆಯಿಂದ ಮಾತ್ರ. ಹೊಸ ಕಾಲದ ಹೊಗೆಯಿಲ್ಲದ ಮದ್ದನ್ನು ಒಂದು ಚಿಟಿಕೆಯೂ ಇದಕ್ಕೆ ಹಾಕಬಾರದು, ಅದರ ಒತ್ತಡಕ್ಕೆ ಈ ನಳಿಗೆ ನಿಲ್ಲುವುದಿಲ್ಲ. ಕರಿಮದ್ದನ್ನು ಅಂಗಡಿಯಿಂದಲೇ ಕೊಳ್ಳಿ. ಕೋವಿ ಹಾರದಿದ್ದರೆ ಬಾಯನ್ನು ಗುರಿಯ ಕಡೆಗೇ ಹಿಡಿದು ಕಾಯಿರಿ, ಒಳಗೆ ಕೆಂಡ ಇರಬಹುದು. ಮೊದಲ ಈಡುಗಳನ್ನು ಹೆಗಲಿಗೆ ಕೊಟ್ಟು ಹಾರಿಸಬೇಡಿ. ಕ್ಲಬ್ಬಿನಲ್ಲಿ ಅನುಭವಸ್ಥರ ಎದುರು, ಕೋವಿಯನ್ನು ಸ್ಟ್ಯಾಂಡಿಗೆ ಕಟ್ಟಿ, ದೂರದಿಂದ ದಾರ ಎಳೆದು ಹಾರಿಸಿ, ಆಮೇಲೆ ಪ್ಲಗ್‌ನ ಸುತ್ತ ಕಪ್ಪು ಸೋರಿದೆಯೇ ಪರೀಕ್ಷಿಸಿ. ಇಷ್ಟನ್ನು ಅಪ್ಪನಿಗೆ ವಿವರಿಸಿದರೆ ಅವರಿಗೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೇನೆ.

ಬಣ್ಣದ ವಿಷಯ ಚಿಕ್ಕದು. ಆ ಕೆಂಪುಗಂದು ಬರುವುದು ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲದಿಂದ. ಮರಕ್ಕೆ ಹಚ್ಚಿ ಒಣಗಿಸಿ ಬಿಸಿ ಹಿಡಿದರೆ ಹಸಿರು ಛಾಯೆ ಕಣ್ಣೆದುರೇ ಕಂದಾಗಿ ತಿರುಗುತ್ತದೆ, ಹುಲಿಪಟ್ಟೆ ಏಳುತ್ತದೆ. ಆದರೆ ಆಮ್ಲದಲ್ಲಿ ಕಬ್ಬಿಣ ಕರಗುವಾಗ ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ. ಅದನ್ನು ನೀವೇ ಮಾಡಬೇಡಿ. ಫೆರಿಕ್ ನೈಟ್ರೇಟ್ ಹರಳು ಸಿಗುತ್ತದೆ, ನೀರಿನಲ್ಲಿ ಕರಗಿಸಿ ಹಚ್ಚಿದರೆ ಅದೇ ಬಣ್ಣ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲಿ ಮಾಡಿ. ಮೊದಲು ಅದೇ ಹಲಗೆಯ ಚೂರಿನ ಮೇಲೆ ನೋಡಿ, ಏಕೆಂದರೆ ಒಂದೊಂದು ಮೇಪಲ್ ಒಂದೊಂದು ಬಣ್ಣಕ್ಕೆ ತಿರುಗುತ್ತದೆ. ಮೇಲೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯೇರಿ ಹತ್ತಿಕೊಳ್ಳುತ್ತದೆ, ಅದರಿಂದ ಮನೆಗಳು ಸುಟ್ಟಿವೆ. ಹರವಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ. ನಳಿಗೆಗೆ ಕಂದು ಬಣ್ಣವೇ ಬೇಕೆಂದು ಎಲ್ಲರೂ ಹೇಳುತ್ತಾರೆ. 18ನೇ ಶತಮಾನದ ಹಲವು ನಳಿಗೆಗಳು ಹೊಳೆಯುವ ಬಿಳಿ ಕಬ್ಬಿಣವಾಗಿಯೇ ಇದ್ದವು, ನಿಮ್ಮ ಇಷ್ಟದಂತೆ ಮಾಡಿ.

ಕಾನೂನು. ಅಮೆರಿಕದ 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ 1898ರವರೆಗಿನ ಕೋವಿಗಳೂ ಅವುಗಳ ಮಾದರಿಯಲ್ಲಿ ಈಗ ಮಾಡಿದ, ತೋಟಾ ಹಾಕಲಾಗದ ಚಕಮಕಿ ಕೋವಿಗಳೂ ಆಂಟೀಕ್ ಎನಿಸುತ್ತವೆ, ಫೆಡರಲ್ ಕಾನೂನಿನ ಕೋವಿಗಳ ಪಟ್ಟಿಗೆ ಬರುವುದಿಲ್ಲ. ನಿಮ್ಮಂಥ ವೀಸಾದವರಿಗೆ ಸಾಮಾನ್ಯ ಕೋವಿ ಇಟ್ಟುಕೊಳ್ಳುವುದಕ್ಕೆ ಇರುವ ಫೆಡರಲ್ ನಿರ್ಬಂಧವೂ ಆಂಟೀಕ್‌ಗೆ ತಗಲುವುದಿಲ್ಲ. ಆದರೆ ರಾಜ್ಯಗಳ ಕಾನೂನು ಬೇರೆಬೇರೆ. ಪಕ್ಕದ ನ್ಯೂಜೆರ್ಸಿ ಇದೇ ಕೋವಿಯನ್ನು ಬಂದೂಕೆಂದೇ ನೋಡುತ್ತದೆ. ವೀಸಾ ಪಣಕ್ಕಿರುವಾಗ ನನ್ನ ಮಾತೊಂದನ್ನೇ ನಂಬಬೇಡಿ. ವಲಸೆ ಮತ್ತು ಬಂದೂಕು ಕಾನೂನು ಎರಡನ್ನೂ ಬಲ್ಲ ವಕೀಲರನ್ನು ಒಮ್ಮೆ ಕಾಣಿ, ರಾಜ್ಯದ ಗಡಿ ದಾಟಿಸುವ ಮುನ್ನವಂತೂ ಕಾಣಲೇಬೇಕು.

ಊರಿಗೆ ತರುವ ಆಸೆಯನ್ನು ಬಿಡಿ ಎಂದು ಹೇಳಬೇಕಾಗಿದೆ, ಬೇಸರದಿಂದಲೇ ಹೇಳುತ್ತೇನೆ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಳೆಯ ಮಾದರಿಗೆ ವಿನಾಯಿತಿ ಇದೆ ಎಂದು ಜನ ಹೇಳುವುದುಂಟು. 45ನೇ ಕಲಮಿನ ಆ ವಿನಾಯಿತಿ, ರಿಪೇರಿ ಮಾಡಿದರೂ ಹಾರಿಸಲಾಗದ ವಸ್ತುವಿಗೆ ಮಾತ್ರ. ನಿಮ್ಮದು ಹಾರುವ ಕೋವಿ. ತರಲು ಪರವಾನಗಿ ಬೇಕು, ಇಟ್ಟುಕೊಳ್ಳಲು ಬೇರೆ ಪರವಾನಗಿ ಬೇಕು. ಸಾಗರದಲ್ಲೇ ಕುಳಿತು ಇಂಥದ್ದನ್ನು ಕಟ್ಟುವುದಾದರೆ ತಯಾರಿಕೆಗೂ ಪರವಾನಗಿ ಬೇಕು, ಇಲ್ಲದೆ ಮಾಡಿದರೆ ಜೈಲು. ಇದನ್ನು ಓದುತ್ತಿರುವ ಊರಿನ ಗೆಳೆಯರೂ ಗಮನಿಸಲಿ. ಪ್ರತಿ ಚುನಾವಣೆಗೂ ಲೈಸೆನ್ಸಿನ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವ ಮನೆಯವರಾದ ನಿಮಗೆ ಇದರ ಬಿಗಿ ಗೊತ್ತೇ ಇದೆ. ಅಪ್ಪ ಇಲ್ಲಿಗೆ ಬರುವಂತಿದ್ದರೆ ಅವರನ್ನೇ ಕರೆಸಿ. ಪೆನ್ಸಿಲ್ವೇನಿಯದಲ್ಲಿ 1974ರಲ್ಲಿ ಚಕಮಕಿ ಕೋವಿಯವರಿಗೆಂದೇ ಜಿಂಕೆ ಬೇಟೆಯ ಋತು ಶುರುವಾದದ್ದರಿಂದ ಇಲ್ಲಿ ಇವು ಇಂದಿಗೂ ಕೈಯಲ್ಲಿ ಬಳಕೆಯಾಗುತ್ತಿವೆ, ಗಾಜಿನ ಪೆಟ್ಟಿಗೆಯಲ್ಲಷ್ಟೇ ಇಲ್ಲ. ನೇಜರೆತ್‌ನ ಲಾಂಗ್‌ರೈಫಲ್ ಮ್ಯೂಸಿಯಂ ನಿಮ್ಮೂರಿನಿಂದ ಕಾರಿನಲ್ಲಿ ಹೋಗಿ ಬರುವಷ್ಟು ದೂರ. ಓರ್ಟರನ ಊರನ್ನೂ ತೋರಿಸಿದಂತಾಗುತ್ತದೆ.

ನಳಿಗೆಯನ್ನು ಹಿಂದಕ್ಕೆ ಸರಿಸಿ ಮಸಿ ಸಮವಾಗಿ ಹತ್ತಿದ ಮೇಲೆ, ಪ್ಲಗ್‌ನ ಮುಖ ಎಲ್ಲಿದೆ ಎಂದು ನಳಿಗೆಯ ಹೊರಬದಿಗೆ ಗೀರು ಹಾಕಿ, ಲಾಕು ಕೂರಿಸಿದ ಸ್ಥಿತಿಯಲ್ಲಿ ಬಟ್ಟಲಿನ ಹತ್ತಿರದ ಚಿತ್ರವೊಂದನ್ನು ಸ್ಕೇಲ್ ಇಟ್ಟು ತೆಗೆದು ಕಳಿಸಿ. ಅದನ್ನು ನೋಡಿ ನಾನು ಉತ್ತರಿಸುವವರೆಗೆ ಡ್ರಿಲ್ ಮುಟ್ಟಬೇಡಿ.